ಕಲ್ಲಿನಲ್ಲಿ ಅರಳಿದ ಹೂವು



ಒಮ್ಮೆ ತರಗತಿಯಲ್ಲಿ ಅರ್ಜಿ ತುಂಬಿಸುವಾಗ ಒಬ್ಬ ಹುಡುಗ ‘ತಂದೆಯ ಉದ್ಯೋಗ’ ಎಂಬ ಜಾಗವನ್ನು ಖಾಲಿ ಬಿಟ್ಟಿದ್ದ. ಕೇಳಿದ್ದಕ್ಕೆ ತಲೆ ತಗ್ಗಿಸಿ, “ಕಲ್ಲು ಕೊಯ್ಯೋ ಕೆಲಸ ಸಾರ್” ಎಂದ. ಅಂದು ಅವನಿಗೆ ಹೇಳಿದ್ದನ್ನೇ ಇಂದು ನಿಮ್ಮ ಮುಂದಿಡುತ್ತೇನೆ.

ಇಟಲಿಯ ಫ್ಲಾರೆನ್ಸ್ ನಗರದಲ್ಲಿ 1588ರಲ್ಲಿ ಮೆಡಿಚಿ ಮನೆತನದ ಒಂದನೆಯ ಫರ್ಡಿನಾಂಡೋ ಒಂದು ಕಾರ್ಯಾಗಾರ ಸ್ಥಾಪಿಸಿದ. ಅಲ್ಲಿ ಬೆಳೆದ ಕಲೆಗೆ ‘ಪಿಯೆತ್ರಾ ದೂರಾ’, ಅಂದರೆ ‘ಗಟ್ಟಿ ಕಲ್ಲು’ ಎಂದು ಹೆಸರು. ಉರ್ದುವಿನಲ್ಲಿ ನಾವು ಲಾಜವರ್ದ್, ಅಕೀಕ್ ಎನ್ನುವ ಕಲ್ಲುಗಳನ್ನು ತೆಳುವಾದ ಬಿಲ್ಲೆಗಳಾಗಿ ಸೀಳುತ್ತಾರೆ. ಅದರ ಮೇಲೆ ಕಾಗದದ ನಮೂನೆ ಅಂಟಿಸಿ, ಮರದ ಬಿಲ್ಲಿಗೆ ಕಟ್ಟಿದ ತಂತಿಯಿಂದ, ಒದ್ದೆ ಮಾಡಿದ ಸಾಣೆಪುಡಿ ಹಾಕುತ್ತಾ ನಿಧಾನವಾಗಿ ಕತ್ತರಿಸುತ್ತಾರೆ. ತುಂಡುಗಳ ನಡುವೆ ಸಂದು ಕಾಣದಂತೆ ಜೋಡಿಸಿ ಹೊಳಪು ಕೊಡುತ್ತಾರೆ. ಇಲ್ಲಿ ಬಣ್ಣ ಬಳಿಯುವುದಿಲ್ಲ. ಎಸಳಿನ ನೆರಳು ಬೇಕಾದರೆ ಅಂಥ ನೆರಳಿರುವ ಕಲ್ಲನ್ನೇ ಹುಡುಕಬೇಕು!

ತಾಜ್‌ಮಹಲಿನ ‘ಪರ್ಚೀನ್‌ಕಾರಿ’ ಇದನ್ನೇ ಹೋಲುವ ಕಲೆ. ದೆಹಲಿಯ ಕೆಂಪುಕೋಟೆಯ ದಿವಾನ್-ಎ-ಆಮ್‌ನಲ್ಲಿ ಸಿಂಹಾಸನದ ಹಿಂದಿನ ಗೋಡೆಯಲ್ಲಿ ಫ್ಲಾರೆನ್ಸಿನ ಫಲಕಗಳೇ ಇವೆ. 1857ರ ನಂತರ ಒಬ್ಬ ಇಂಗ್ಲಿಷ್ ಅಧಿಕಾರಿ ಅವುಗಳಲ್ಲಿ ಕೆಲವನ್ನು ಕಿತ್ತು ಲಂಡನ್ನಿಗೆ ಒಯ್ದು ಮಾರಿದ. ಕರ್ಜನ್ ವೈಸರಾಯ್ ಆಗಿದ್ದಾಗ ಅವು ಹಿಂದಿರುಗಿದವು. ಸಂಗ್ರಹದ ಹವ್ಯಾಸ ಒಳ್ಳೆಯದೇ. ಆದರೆ ವಸ್ತು ಎಲ್ಲಿಂದ, ಹೇಗೆ ಬಂತೆಂದು ಕೇಳದ ಸಂಗ್ರಹಕಾರ ಲೂಟಿಗೆ ಪಾಲುದಾರನಾಗಿಬಿಡುತ್ತಾನೆ.

ಇನ್ನು ಬೆಲೆಯ ಮಾತು. ಇಂಗ್ಲೆಂಡಿನ ಬ್ಯೂಫೋರ್ಟ್ ಡ್ಯೂಕ್ 1726ರಲ್ಲಿ ಫ್ಲಾರೆನ್ಸಿನಲ್ಲಿ ಇಂಥ ಕಲ್ಲುಗಳ ಒಂದು ದೊಡ್ಡ ಬೀರು ಮಾಡಿಸಲು ಹೇಳಿದ. ಅದು 1990ರಲ್ಲಿ ಸುಮಾರು 86 ಲಕ್ಷ ಪೌಂಡಿಗೂ, 2004ರಲ್ಲಿ ಸುಮಾರು 1 ಕೋಟಿ 90 ಲಕ್ಷ ಪೌಂಡಿಗೂ ಹರಾಜಾಯಿತು. ಅದನ್ನು ‘ಬ್ಯಾಡ್ಮಿಂಟನ್ ಬೀರು’ ಎನ್ನುತ್ತಾರೆ. ಅದು ಡ್ಯೂಕನ ಬಂಗಲೆಯ ಹೆಸರು, ವರ್ಷಗಟ್ಟಲೆ ಕುಳಿತು ಕಲ್ಲು ಕೊಯ್ದವರದಲ್ಲ.

ವಿದ್ಯಾರ್ಥಿಗಳೇ, ಕೋಟಿ ಕೊಟ್ಟು ಕೊಳ್ಳಲು ನಮ್ಮಿಂದಾಗದು. ಆದರೆ ಕೈಕೆಲಸವನ್ನು ನೋಡಿ ಗೌರವಿಸಲು ಕಾಸು ಬೇಕಿಲ್ಲ. ನಿಮ್ಮ ಓದು ನಿಮ್ಮನ್ನು ದುಡಿಯುವ ಕೈಗಳಿಂದ ದೂರ ಮಾಡಿದರೆ ಅದು ಅರ್ಧ ಓದು. ಫ್ಲಾರೆನ್ಸಿನ ಆ ಕಾರ್ಯಾಗಾರ ಇಂದು ಹಳೆಯ ಕಲಾಕೃತಿಗಳನ್ನು ದುರಸ್ತಿ ಮಾಡುವ, ಆ ವಿದ್ಯೆಯನ್ನು ಕಲಿಸುವ ಸರ್ಕಾರಿ ಸಂಸ್ಥೆ. ಅಲ್ಲಿ ಕಲ್ಲಿನ ಕೆಲಸವೂ ಒಂದು ವಿದ್ಯೆಯೇ.

ಅಂದು ಆ ಹುಡುಗ ಅರ್ಜಿಯನ್ನು ವಾಪಸು ತೆಗೆದುಕೊಂಡು, ಖಾಲಿ ಜಾಗದಲ್ಲಿ ದುಂಡಗೆ ‘ಕಲ್ಲು ಕೆಲಸ’ ಎಂದು ಬರೆದುಕೊಟ್ಟ.