ಮಗುವಿನ ಕಣ್ಣಿನ ಮಟ್ಟಕ್ಕೆ

ಅಂಗನವಾಡಿಯ ಗೋಡೆಯ ಮೇಲೆ ಚಿತ್ರ ಎಷ್ಟು ಎತ್ತರದಲ್ಲಿರಬೇಕು ಅನ್ನುವುದನ್ನು ಯಾರು ನಿರ್ಧರಿಸುತ್ತಾರೆ? ಬಹುಮಟ್ಟಿಗೆ ಪೇಂಟರ್. ಆತ ನಿಂತು ಬರೆಯುತ್ತಾನೆ. ಆನೆ, ನವಿಲು, ಅಕ್ಷರಮಾಲೆ ಎಲ್ಲವೂ ದೊಡ್ಡವರ ಕಣ್ಣಿನ ಮಟ್ಟಕ್ಕೆ ಹೋಗಿ ಕೂರುತ್ತವೆ. ಮೂರು ವರ್ಷದ ಕೂಸು ಕತ್ತೆತ್ತಿ ನೋಡಬೇಕು. ಅದೇ ಗೋಡೆಯ ಕೆಳಗಿನ ಎರಡೂವರೆ ಅಡಿಗೆ ಕಪ್ಪು ಬಣ್ಣ ಬಳಿದು, ಕೈಗೊಂದು ಸೀಮೆಸುಣ್ಣ ಕೊಟ್ಟು ನೋಡಿ. ಗೀಚುವುದಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ ಯೋಜನೆ ಆರಂಭವಾದದ್ದು 1975ರ ಅಕ್ಟೋಬರ್ 2ರಂದು. ಊಟ, ತೂಕ, ಚುಚ್ಚುಮದ್ದಿನ ಲೆಕ್ಕ ಈಗ ಪಕ್ಕಾ ಆಗಿದೆ. ಜಾಗದ ಬಗ್ಗೆ ಮಾತ್ರ ನಾವು ಇನ್ನೂ ಅಷ್ಟಾಗಿ ಯೋಚಿಸಿಲ್ಲ.

ಜಾಗ ಅಂದರೆ ಗೋಡೆಯಷ್ಟೇ ಅಲ್ಲ, ಮಗುವಿನ ಮಾತಿಗೂ ಅಲ್ಲಿ ಜಾಗ ಬೇಕು. ಭದ್ರಾವತಿಯನ್ನೇ ನೋಡಿ. ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ ನಂಬಿ ಬಂದವರ ಊರು. ಒಂದೇ ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು. ತಮಿಳಿನಲ್ಲಿ ನೀರು ಕೇಳಿದ ಮಗುವಿಗೆ ಮೊದಲು ಲೋಟ ಕೊಡಬೇಕು; ಕನ್ನಡ ಆಮೇಲೆ ಆಟದ ಜೊತೆ ತಾನೇ ಬರುತ್ತದೆ. ತಿದ್ದುವ ಆತುರ ಬೇಡ.

ಇನ್ನು ನಡೆಯಲಾಗದ ಮಗು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ, ಸರಿ. ಆದರೆ ಬಾಗಿಲಲ್ಲಿ ಎರಡು ಮೆಟ್ಟಿಲಿದ್ದು ಇಳಿಜಾರು ಇಲ್ಲದಿದ್ದರೆ, ಆ ಮಗು ಮನೆಯಲ್ಲೇ ಉಳಿಯುತ್ತದೆ. ಶಿವಮೊಗ್ಗದ ಬಾಡಿಗೆ ಕೋಣೆಯ ಕೇಂದ್ರವಾದರೂ ಅಷ್ಟೇ. ಒಂದಿಷ್ಟು ಸಿಮೆಂಟು, ಗಾರೆಯವರ ಒಂದು ದಿನದ ಕೆಲಸ.

ಅಂಗನವಾಡಿಗೊಂದು ಬಾಲವಿಕಾಸ ಸಮಿತಿ ಇರುತ್ತದೆ, ಪೋಷಕರೂ ಅದರಲ್ಲಿರುತ್ತಾರೆ. ಮುಂದಿನ ಸಭೆಗೆ ದಯವಿಟ್ಟು ಹೋಗಿ, ಈ ಇಳಿಜಾರಿನ ಮಾತು ಎತ್ತಿ.