ಎಲುಬಿನ ವೈದ್ಯರಲ್ಲಿ ಮೊದಲ ಸರದಿ ಯಾರಿಗೆ?

(ಸಂಘದ ವಾಚನಾಲಯದಲ್ಲಿ ಮಾಡಿದ ಭಾಷಣ)



ಈ ಮುಂಬಯಿಯ ದೊಡ್ಡ ಆಸ್ಪತ್ರೆಗಳಲ್ಲಿ ಎಲುಬಿನ ವಿಭಾಗದ ಮುಂದೆ ಬೆಳಗಿನಿಂದ ಪಾಳಿಯಲ್ಲಿ ನಿಂತವರಿಗೆ ಒಂದು ಸಂಶಯ ಬರುವುದುಂಟು: 'ನನ್ನ ಹಿಂದೆ ಬಂದವನನ್ನು ಮೊದಲು ಕರೆದರಲ್ಲ, ವಶೀಲಿ ಇರಬೇಕು.' ವಶೀಲಿ ಎಲ್ಲಿಯೂ ಇಲ್ಲವೆಂದು ನಾನು ಹೇಳಲಾರೆ. ಆದರೆ ನ್ಯಾಯವಾದ ಕಾರಣವೂ ಉಂಟು. ರೇಶನ್ ಅಂಗಡಿಯಲ್ಲಿ ಮೊದಲು ಬಂದವನಿಗೆ ಮೊದಲ ಹಕ್ಕು. ಆಸ್ಪತ್ರೆಯಲ್ಲಿ, ಕಾಯುವುದರಿಂದ ಯಾರಿಗೆ ಹೆಚ್ಚು ಹಾನಿಯೋ ಅವರಿಗೆ ಮೊದಲ ಹಕ್ಕು.

ಕೆಲವರು ಕಾಯಲೇಬಾರದು. ಸೊಂಟನೋವಿನೊಡನೆ ಮೂತ್ರ ಕಟ್ಟಿದರೆ ಅಥವಾ ಅರಿವಿಲ್ಲದೆ ಹೋದರೆ, ಕುಳಿತುಕೊಳ್ಳುವ ಭಾಗ ಮರಗಟ್ಟಿದರೆ, ಎರಡೂ ಕಾಲುಗಳು ಸೋತರೆ, ಬೆನ್ನಿನ ಕೆಳಭಾಗದ ನರಗಳು ಅದುಮಿಕೊಂಡಿರಬಹುದು. ಇದು ಗಂಟೆಗಳ ಲೆಕ್ಕ. ತಡವಾದರೆ ಹೋದ ಶಕ್ತಿ ಮರಳಿ ಬಾರದಿರಬಹುದು. ನಾಚಿಕೆಯಿಂದ ಮೂತ್ರದ ಮಾತನ್ನು ಮುಚ್ಚಿಡಬೇಡಿ. ಜ್ವರದೊಡನೆ ಒಂದು ಕೀಲು ಬಾತು, ಬಿಸಿಯಾಗಿ, ಅಲುಗಿಸಲಾಗದಿದ್ದರೆ ಒಳಗೆ ಕೀವಾಗಿರಬಹುದು. ಬಿದ್ದ ವೃದ್ಧರಿಗೆ ಕಾಲೂರಲು ಆಗದಿದ್ದರೆ ತೊಡೆಯ ಎಲುಬು ಮುರಿದಿರಬಹುದು. ಇಂಥವರನ್ನು ಅಂದೇ ತುರ್ತು ವಿಭಾಗಕ್ಕೆ ಒಯ್ಯಬೇಕು.

ಎರಡನೆಯವರು ಬೇಗ ತಜ್ಞರನ್ನು ಕಾಣತಕ್ಕವರು. ಬಿಡದ ಬೆನ್ನುನೋವು, ಸಂಜೆಯ ಜ್ವರ, ತೂಕ ಇಳಿಯುವುದು ಇವು ಬೆನ್ನೆಲುಬಿನ ಕ್ಷಯದ ಗುರುತುಗಳಾಗಬಹುದು. ಹಿಂದೆ ಕ್ಯಾನ್ಸರ್ ಆದವರಿಗೆ ಹೊಸದಾಗಿ ಬಂದ ಎಲುಬುನೋವನ್ನೂ ಅಲಕ್ಷಿಸಬಾರದು.

ಮೂರನೆಯವರು, ವರುಷಗಳಿಂದ ಸವೆದ ಮೊಣಕಾಲಿನವರು. ಇವರು ಕಾಯಬಹುದು, ಆದರೆ ಇವರಲ್ಲಿಯೂ ತಾರತಮ್ಯವುಂಟು. ನ್ಯೂಜಿಲೆಂಡಿನಲ್ಲಿ 1990ರ ದಶಕದಲ್ಲಿ ಕೀಲು ಬದಲಿಸುವ ಶಸ್ತ್ರಕ್ರಿಯೆಯ ಸರದಿಗಾಗಿ 100 ಅಂಕಗಳ ಒಂದು ಪಟ್ಟಿ ಮಾಡಿದರು. ನೋವಿಗೆ 40 ಅಂಕ. ನಡೆದಾಟ ಮತ್ತು ನಿತ್ಯದ ಕೆಲಸಗಳ ತೊಂದರೆಗೆ 20. ವೈದ್ಯರು ಪರೀಕ್ಷಿಸಿ ಕಂಡ ದೋಷಕ್ಕೆ 20. ಉಳಿದ 20ರಲ್ಲಿ ದುಡಿಮೆಗೂ ಅವಲಂಬಿತರ ಪೋಷಣೆಗೂ ಬಂದ ಅಡ್ಡಿಯನ್ನು ಎಣಿಸಿದರು. ದುಡಿದು ಊರಿಗೆ ಹಣ ಕಳುಹಿಸುವ ನಮ್ಮಂಥವರು ಇದನ್ನು ಮನಸ್ಸಿನಲ್ಲಿಡಬೇಕು.

ಏಕೆಂದರೆ ತಜ್ಞರು ಸರದಿ ನಿರ್ಣಯಿಸುವುದು ಅನೇಕ ವೇಳೆ ನಿಮ್ಮ ಕೈಯ ಚೀಟಿಯನ್ನು ನೋಡಿ. 'ಮೊಣಕಾಲು ನೋವು' ಎಂದಷ್ಟೇ ಬರೆದ ಚೀಟಿಯಿಂದ ಅವರಿಗೆ ಏನು ತಿಳಿಯಬೇಕು? ನೋವು ಎಂದಿನಿಂದ, ಎಷ್ಟು ದೂರ ನಡೆಯಬಲ್ಲಿರಿ, ಮೆಟ್ಟಿಲು ಹತ್ತಬಲ್ಲಿರೋ, ರಾತ್ರಿ ನಿದ್ದೆ ಬರುವುದೋ, ಕೆಲಸ ಮೂಟೆ ಹೊರುವುದೋ ಕುರ್ಚಿಯದೋ, ಜ್ವರ ಅಥವಾ ಮರಗಟ್ಟುವಿಕೆ ಉಂಟೋ, ಯಾವ ಔಷಧ ತೆಗೆದುಕೊಂಡಿರಿ ಎಂಬುದನ್ನೆಲ್ಲ ಚೀಟಿ ಕೊಡುವ ವೈದ್ಯರಿಗೆ ಹೇಳಿ ಬರೆಯಿಸಿಕೊಳ್ಳಿ. ಹಳೆಯ ಎಕ್ಸ್‌ರೇಗಳನ್ನು ಜೊತೆಗೆ ಒಯ್ಯಿರಿ. ಕಾಯುವ ದಿನಗಳಲ್ಲಿ ರೋಗ ಹೆಚ್ಚಿದರೆ ಕೊಟ್ಟ ತಾರೀಖಿನವರೆಗೆ ಸುಮ್ಮನಿರಬೇಡಿ. ಹಿಂತಿರುಗಿ ಹೋಗಿ ತಿಳಿಸಿರಿ. ಆಗ ಸರದಿಯೂ ಬದಲಾಗಬಹುದು.

ಮರಾಠಿ, ಹಿಂದಿ ಬಾರದ ನಮ್ಮವರು ಆಸ್ಪತ್ರೆಯಲ್ಲಿ ಅರ್ಧ ಮಾತು ನುಂಗುತ್ತಾರೆ. ಕಚೇರಿಯಲ್ಲಿ ದುಡಿಯುವ ಮಿತ್ರರೇ, ದಿನವೂ ಎಷ್ಟೋ ಅರ್ಜಿಗಳನ್ನು ಬರೆಯುವವರು ನೀವು. ಅಂಥವರ ಪಕ್ಕದಲ್ಲಿ ಕುಳಿತು ಈ ಹತ್ತು ಸಾಲುಗಳನ್ನು ಬರೆದುಕೊಡಿರಿ. ಒಬ್ಬನ ಕಾಲು ಉಳಿದರೆ ಒಂದು ಸಂಸಾರ ಉಳಿದಂತೆ.