ಕೋಡಿಯ ಮಠದ ಬಾಗಿಲು



ಶಿಕಾರಿಪುರ ತಾಲ್ಲೂಕಿನಲ್ಲಿ, ಶಿರಾಳಕೊಪ್ಪದ ಹತ್ತಿರ ಬಳ್ಳಿಗಾವಿ ಎಂಬ ಊರಿದೆ. ಇಂದು ಅದು ಗದ್ದೆ, ಕೆರೆಗಳ ನಡುವಿನ ಹಳ್ಳಿ. ಒಂಬೈನೂರು ವರ್ಷಗಳ ಹಿಂದೆ ಬನವಾಸಿ ನಾಡಿನ ರಾಜಧಾನಿ, ದೂರದೂರದ ಯಾತ್ರಿಕರು ಹುಡುಕಿಕೊಂಡು ಬರುತ್ತಿದ್ದ ಕ್ಷೇತ್ರ.

ಇಲ್ಲಿಯ ಕೇದಾರೇಶ್ವರ ಗುಡಿಗೆ ಸೇರಿದ, ಕಾಳಾಮುಖರೆಂಬ ಶೈವ ಯತಿಗಳ ಕೋಡಿಯ ಮಠವನ್ನು 1162ರ ಶಾಸನವೊಂದು ಬಣ್ಣಿಸುತ್ತದೆ. ಅಲ್ಲಿ ವೇದ, ವ್ಯಾಕರಣ ಕಲಿಸುತ್ತಿದ್ದರು, ಬೌದ್ಧ ದರ್ಶನವನ್ನೂ ವಿವರಿಸುತ್ತಿದ್ದರು. ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಮುಂದಿನ ಮಾತು: ಕುರುಡರಿಗೆ, ಕಿವುಡರಿಗೆ, ಕುಂಟರಿಗೆ, ದಿಕ್ಕಿಲ್ಲದವರಿಗೆ ಅಲ್ಲಿ ಅನ್ನವಿತ್ತು, ರೋಗಿಗಳಿಗೆ ಔಷಧವಿತ್ತು, ಹಾಡುವವರಿಗೆ, ಕುಣಿಯುವವರಿಗೆ ಊಟವಿತ್ತು, ಭಯದಿಂದ ಓಡಿಬಂದ ಯಾವ ಜೀವಕ್ಕೂ ಆಸರೆಯಿತ್ತು. ಅದೇ ಶತಮಾನದಲ್ಲಿ ಸ್ಪೇನಿನ ಸ್ಯಾಂಟಿಯಾಗೊಗೆ ನಡೆಯುತ್ತಿದ್ದ ಕ್ರೈಸ್ತ ಯಾತ್ರಿಕರಿಗೂ ದಾರಿಯುದ್ದಕ್ಕೂ ಇಂಥ ಧರ್ಮಛತ್ರಗಳಿದ್ದವು.

ಬಳ್ಳಿಗಾವಿಯಲ್ಲಿ ಜೈನ ಬಸದಿಗಳಿದ್ದವು, ಬೌದ್ಧ ವಿಹಾರವೂ ಇತ್ತು. ಅಲ್ಲಮಪ್ರಭು ಮದ್ದಳೆ ನುಡಿಸಿದ್ದು ಈ ಊರಿನಲ್ಲೇ ಎನ್ನುತ್ತಾರೆ. ಅಕ್ಕಮಹಾದೇವಿಯ ಉಡುತಡಿಯೂ ಇಲ್ಲಿಗೆ ದೂರವೇನಲ್ಲ.

ಇಷ್ಟೆಲ್ಲ ಇದ್ದೂ ನಾವು ಹಳೇಬೀಡು, ಬೇಲೂರಿಗೆ ಬಸ್ಸು ಹತ್ತುತ್ತೇವೆ. ತಪ್ಪಲ್ಲ. ಆದರೆ ನಮ್ಮ ಮಕ್ಕಳಿಗೆ ಇದನ್ನೂ ತೋರಿಸಬೇಕು. ಕೇದಾರೇಶ್ವರನ ಮೂರು ಗರ್ಭಗುಡಿಗಳನ್ನು, 1047ರ ಗಂಡಭೇರುಂಡ ಕಂಬವನ್ನು ನೋಡಲಿ. ಆಮೇಲೆ ಶಾಸನದ ಕಲ್ಲಿನ ಮುಂದೆ ನಿಲ್ಲಿಸಿ, ಇಲ್ಲಿ ಯಾರ್ಯಾರಿಗೆ ಊಟ ಹಾಕುತ್ತಿದ್ದರು ಎಂಬ ಆ ಪಟ್ಟಿಯನ್ನು ಅವರಿಗೆ ಬಿಡಿಸಿ ಹೇಳಿ.